ಐವತ್ತು ತೋಟೆಯ ಡಬ್ಬಿ

ಅಯ್ಯೋ, ಬೇಡ ಕಣೇ ಮಾರಿಟ್, ಆ ಮಾತು ಮತ್ತೆ ಎತ್ತಬೇಡ! ಆಸ್ಪತ್ರೆಯಲ್ಲೇ ಹೇಳಿ ಆಯ್ತು, ಫೋನಲ್ಲಿ ಎರಡು ಸಲ ಹೇಳಿ ಆಯ್ತು, ನಿನ್ನ ಚಿಕ್ಕಮ್ಮನ ಹೆಗಲ ಮೇಲೆ ಬಿದ್ದು ಅತ್ತೂ ಆಯ್ತು. ‘ತಪ್ಪಾಯ್ತು ಚಿಕ್ಕಪ್ಪ, ಅಪ್ಪನ ರಿವಾಲ್ವರ್ ಹಾಳು ಮಾಡಿಬಿಟ್ಟೆ...’ ಹೋದ್ರೆ ಹೋಗ್ಲಿ ಬಿಡೇ! ನಿಮ್ಮಪ್ಪನದ್ದು, ನನ್ನ ಅಣ್ಣನದ್ದು, ಎಲ್ಲಾ ಸರಿ... ಕಬ್ಬಿಣ ತಾನೇ? ಕಣ್ಣಿನ ಮುಂದೆ ಕಬ್ಬಿಣ ಯಾವ ಲೆಕ್ಕ...

ಥೂ, ನನ್ನ ಬಾಯಿಗಿಷ್ಟು! ಏನೋ ಹೇಳೋಕೆ ಹೋಗಿ ಏನೋ ಅಂದೆ. ಕೂತ್ಕೋ. ಅಲ್ಲಲ್ಲ, ಆ ಸ್ಟೂಲ್ ಬೇಡ, ಅದರ ಕಾಲು ಅಲ್ಲಾಡುತ್ತೆ. ಇಲ್ಲಿ ಬಾ, ಮೇಜಿನ ಈ ಕಡೆ. ನಿಧಾನ... ಬಲಗಡೆ ತೋಟೆ ಮದ್ದಿನ ಡಬ್ಬ ಇದೆ, ತಾಗುತ್ತೆ. ಹಾಂ. ಕಾಫಿ ಕುಡೀತೀಯಾ? ಬೇಡ್ವಾ? ಹಿಮ ಬಿದ್ದ ರಸ್ತೇಲಿ ಎರಡು ಮೈಲಿ ನಡ್ಕೊಂಡು ಬಂದಿದ್ದೀಯ, ಒಂದು ಫೋನ್ ಮಾಡಿದ್ರೆ ನಾನೇ ಗಾಡಿ ತರ್ತಿದ್ನಲ್ಲೇ! ಭಾನುವಾರ ಬೇರೆ. ಚರ್ಚಿಂದ ನೇರ ಶೂಟಿಂಗ್ ಕ್ಲಬ್ಬಿಗೆ ಹೋಗಿರ್ತೀಯ ಅಂದ್ಕೊಂಡಿದ್ದೆ. ಇವತ್ತು ಎಲ್ಲರಿಗೂ ಮಾಂಸ-ಕಾಳಿನ ಚಿಲ್ಲಿ ಊಟ ಅಲ್ವಾ ಅಲ್ಲಿ? ನಾನಾ? ನಾನು ಹೋಗ್ಲಿಲ್ಲ. ಹೊಟ್ಟೆ ಸರಿ ಇಲ್ಲ. ಮೂರು ವಾರದಿಂದ ಸರಿ ಇಲ್ಲ.

ಏನು ನೋಡ್ತಿದ್ದೀಯ? ಇದಾ? ಹೂಂ, ತೋಟೆ ತುಂಬೋ ಅದೇ ಮೆಷಿನ್ನು. ಹಳೇ ದುಪ್ಪಟಿ ಹೊದಿಸಿ ಇಟ್ಟಿದ್ದೀನಿ. ನೋಡಿದ್ರೆ ಮೈ ಉರಿಯುತ್ತೆ, ಅದಕ್ಕೇ. ನಿನಗೆ ಗೊತ್ತಿಲ್ಲ ಮಾರಿಟ್, ಈ ಕಂಪನಿಯವರು ನನಗೆ ಕೊಟ್ಟ ಕಾಟ... ಕೇಳಿದ್ರೆ ನೀನು ನಗ್ತೀಯ. ಕೇಳು, ಕೇಳು. ಸ್ವಲ್ಪ ನಗು ಬರ್ಲಿ ಮನೆಗೆ.

ಈಗ, ಹಿಡಿಕೆ ಒಂದು ಸಲ ಎಳೆದ್ರೆ ಖಾಲಿ ತೋಟೆ ಕೊಳವೆಗಳನ್ನ ಹೊತ್ತ ಈ ತಟ್ಟೆ ತಾನಾಗಿ ಒಂದು ಮನೆ ಮುಂದೆ ತಿರುಗಬೇಕು. ಒಂದು ಮನೇಲಿ ಕಿಡಿ ಕೊಡೋ ಹಳೇ ಕೇಪು ಕಳಚಿ ಹೊಸದು ಕೂರುತ್ತೆ, ಮುಂದಿನ ಮನೇಲಿ ಮದ್ದು ಬೀಳುತ್ತೆ, ಅದರ ಮುಂದೆ ಗುಂಡು ಕೂರುತ್ತೆ, ಕೊನೇಲಿ ತೋಟೆ ಬುಟ್ಟಿಗೆ ಟಣ್ ಅಂತ. ನಿನಗೆ ಹೇಳೋದೇನಿದೆ, ಹತ್ತು ವರ್ಷದ ಹುಡುಗಿ ಇದ್ದಾಗಿಂದ ಈ ಮೇಜಿನ ಹತ್ತಿರ ನಿಂತು ನೋಡಿದ್ದೀಯ. ಹಳೇ ಮೆಷಿನ್ ಮೂವತ್ತು ವರ್ಷ ಬಂತು ನೋಡು, ಒಂದು ದಿನ ಕಿಟಿಪಿಟಿ ಇಲ್ಲ. ಆಸೆ ಬಿದ್ದು ಹೊಸದು ತಗೊಂಡೆ. ಎರಡೇ ತಿಂಗಳು! ಎರಡೇ ತಿಂಗಳಿಗೆ ಸ್ಪ್ರಿಂಗ್ ಸೋತು ತಟ್ಟೆ ತಿರುಗಿಸೋ ಕೊಕ್ಕೆ ಜಾರೋಕೆ ಶುರು. ಒಂದು ಸಲ ತಿರುಗುತ್ತೆ, ಒಂದು ಸಲ ಅರ್ಧಕ್ಕೆ ನಿಲ್ಲುತ್ತೆ, ಇನ್ನೊಂದು ಸಲ ಮುನಿಸ್ಕೊಂಡ ದನದ ಹಾಗೆ ಅಲ್ಲಾಡೋದೇ ಇಲ್ಲ. ಬೆರಳಲ್ಲಿ ತಳ್ಳಬೇಕು.

ಫೋನ್ ಮಾಡಿದೆ. ‘ನಿಮ್ಮ ಕರೆ ನಮಗೆ ಅಮೂಲ್ಯ’. ಅಮೂಲ್ಯವಂತೆ! ಅಷ್ಟು ಅಮೂಲ್ಯ ಆಗಿದ್ರೆ ಎತ್ತೋ ಪುಣ್ಯಾತ್ಮ! ನಲವತ್ತು ನಿಮಿಷ ಬ್ಯಾಂಜೋ ಬಾರಿಸಿದ್ರು ಕಿವಿಗೆ. ಆಮೇಲೆ ಒಬ್ಬ ಚಿಲ್ಟು ಬಂದ, ಮೀಸೆ ಬಂದಿದ್ಯೋ ಇಲ್ವೋ. ‘ಸರ್, ಜೊತೆಗೆ ಕೊಟ್ಟ ಪುಸ್ತಕ ಓದಿದ್ದೀರಾ?’ ಅಂತಾನೆ. ನಾನು ತೋಟೆ ತುಂಬೋಕೆ ಶುರು ಮಾಡಿ ನಲವತ್ತೊಂದು ವರ್ಷ ಆಯ್ತಪ್ಪ, ನಿಮ್ಮಪ್ಪ ಆಗ ಚಡ್ಡೀಲಿದ್ದ ಅಂದೆ. ‘ಹಾಗಾದ್ರೆ ಓದಿಲ್ಲ ಅಂತ ಬರ್ಕೊಳ್ತೀನಿ ಸರ್’ ಅಂದ!

ಹಾಂ, ನಕ್ಕೆ! ನಗು, ನಗು. ಇನ್ನೂ ಇದೆ.

ಮೆಷಿನ್ ನಂಬರ್ ಹೇಳಿ ಅಂದ. ನಂಬರ್ ಎಲ್ಲಿ ಕೊರೆದಿದ್ದಾರೆ ಗೊತ್ತಾ? ತಳದಲ್ಲಿ! ಮೇಜಿಗೆ ಬೋಲ್ಟ್ ಹಾಕಿ ಬಿಗಿದ ತಳದಲ್ಲಿ! ನಾಲ್ಕು ಬೋಲ್ಟ್ ಬಿಚ್ಚಿ, ಅಂಗಾತ ಮಲಗಿ, ಟಾರ್ಚ್ ಬಾಯಲ್ಲಿ ಕಚ್ಕೊಂಡು ನಂಬರ್ ಓದಿ ಎದ್ದು ಬರೋ ಹೊತ್ತಿಗೆ ಲೈನು ಕಟ್. ಮತ್ತೆ ಬ್ಯಾಂಜೋ. ಮೊದಲ ಸಲ ಕಳಿಸಿದ್ರು, ಬೇರೆ ಮಾದರಿಯ ಸ್ಪ್ರಿಂಗು. ಎರಡನೇ ಸಲ ಮತ್ತೆ ಅದೇ ಸ್ಪ್ರಿಂಗು, ಜೊತೆಗೆ ಒಂದು ಟೋಪಿ. ಟೋಪಿ ಕಣೇ! ಕಂಪನಿ ಹೆಸರು ಹೊಲಿದದ್ದು. ಟೋಪಿ ಹಾಕಿದ್ದು ಸಾಲದು ಅಂತ ಟಪಾಲಲ್ಲೂ ಕಳಿಸ್ತಾರೆ! ಮೂರನೇ ಸಲ ಕವರ್ ಬಂತು, ಒಳಗೆ ಏನೂ ಇಲ್ಲ. ಮೂಲೆ ಹರಿದು ಸ್ಪ್ರಿಂಗ್ ದಾರೀಲಿ ಎಲ್ಲೋ ಉದುರಿದೆ. ಆಮೇಲೆ ಒಂದು ಮೆಸೇಜು, ‘ನಮ್ಮ ಸೇವೆಗೆ ಐದಕ್ಕೆ ಎಷ್ಟು ಅಂಕ ಕೊಡ್ತೀರಿ?’

ಅದಕ್ಕೇ ಹೇಳೋದು. ಆ ಸ್ಪ್ರಿಂಗ್ ಒಂದು ಸರಿಯಾಗಿ ಬಂದಿದ್ದಿದ್ರೆ ನಿನ್ನ ಕಣ್ಣು...

ಏನು? ಇಲ್ಲ, ಏನೂ ಅನ್ಲಿಲ್ಲ. ಸುಮ್ನೆ ಬಾಯಿಗೆ ಬಂತು. ನಿನ್ನ ವಿಷಯಕ್ಕೂ ಇದಕ್ಕೂ ಏನು ಸಂಬಂಧ? ಅದು ನಳಿಗೇಲಿ ಬಟ್ಟೆ ಚೂರು ಸಿಕ್ಕಿಕೊಂಡು... ನೀನೇ ಹೇಳಿದ್ಯಲ್ಲ, ಹಿಂದಿನ ದಿನ ನಳಿಗೆ ಒರೆಸಿದ್ದೆ, ಚೂರು ಉಳಿದಿತ್ತೇನೋ ಅಂತ. ಯಾರಿಗಾದ್ರೂ ಆಗುತ್ತೆ ಕಣಮ್ಮ. ಎಂಥೆಂಥವರಿಗೋ ಆಗಿದೆ. ಅದಕ್ಕೇ ನಾನು ಆಸ್ಪತ್ರೆಯಲ್ಲಿ ಕೇಳಿದ್ದು, ನಳಿಗೆ ನೋಡಿದ್ಯೇನೇ ಅಂತ. ಕೇಳಿದ್ದು ಅಷ್ಟೇ. ನಿನ್ನ ತಪ್ಪು ಅಂತ ನಾನು ಅಂದೆನಾ? ಅನ್ಲಿಲ್ಲ.

ಯಾಕೆ ಹಾಗೆ ನೋಡ್ತೀಯ? ನಗ್ತಾ ಇದ್ದೆಯಲ್ಲ, ಈಗ ಏನಾಯ್ತು?

ಬಸ್ಸಿನ ವಿಷಯ ಏನಾಯ್ತು? ಕಾಗದ ಬಂತಂತಲ್ಲ, ನಿನ್ನ ಚಿಕ್ಕಮ್ಮ ಹೇಳಿದ್ಳು. ಒಂದು ಕಣ್ಣಿಂದ ಸ್ಕೂಲ್ ಬಸ್ ಓಡಿಸೋ ಹಾಗಿಲ್ಲ ಅಂತ. ಹನ್ನೊಂದು ವರ್ಷ! ಹನ್ನೊಂದು ಚಳಿಗಾಲದಲ್ಲಿ ಒಂದು ಮಗೂಗೆ ಒಂದು ಗೀರು ಆಗದ ಹಾಗೆ ಓಡಿಸಿದ್ದೀಯ... ಮಕ್ಕಳು ಕೇಳ್ತಾವಂತೆ, ಮಾರಿಟ್ ಯಾವಾಗ ಬರ್ತಾಳೆ ಅಂತ. ಶಾಲೆಯವರು ಅಡುಗೆಮನೇಲಿ ಕೆಲಸ ಕೊಡ್ತಾರಂತಾ? ಹೂಂ... ಅದೂ ಕೆಲಸವೇ. ಇಲ್ಲ, ನಿನಗೆ ಬಸ್ಸೇ ಇಷ್ಟ, ನನಗೆ ಗೊತ್ತು.

ಏನದು, ಚೀಲದಿಂದ ಏನು ತೆಗೀತಿದ್ದೀಯ? ಬೇಡ ಮಾರಿಟ್. ಅದನ್ನ ಇಲ್ಲಿಗೆ ಯಾಕೆ ತಂದೆ? ಕ್ಲಬ್ಬಿನವರು ವಾಪಸ್ ಕೊಟ್ರಾ? ಸುತ್ತಿಡು ಅದನ್ನ. ಅಣ್ಣನ ಕೈಲಿದ್ದ ವಸ್ತು, ಹೀಗೆ ಬಾಯಿ ಬಿಟ್ಕೊಂಡಿರೋದನ್ನ ನನಗೆ ನೋಡೋಕಾಗಲ್ಲ.

ನೋಡ್ತೀನಿ, ನೋಡ್ತೀನಮ್ಮ. ನೋಡಿದೆ. ತೋಟೆ ಕೂರೋ ಉರುಳೆ ಸೀಳಿದೆ. ಮೇಲಿನ ಪಟ್ಟಿ ಹಾರಿಹೋಗಿದೆ. ಗೊತ್ತು, ಅಲ್ಲೇ ಇದ್ದೆನಲ್ಲ ನಾನು. ಯಾಕೆ ಅದನ್ನ ಬೆಳಕಿಗೆ ಹಿಡೀತೀಯ? ಯಾಕೆ ಆ ನಳಿಗೆ ಮೇಲೆ ಬೆರಳಾಡಿಸ್ತೀಯ?

...

ಹೌದು. ನೆಟ್ಟಗಿದೆ.

ನೆಟ್ಟಗಿದೆ, ಹೌದು. ಎಲ್ಲೂ ಉಬ್ಬಿಲ್ಲ. ಒಳಗೆ ಬಟ್ಟೆ ಸಿಕ್ಕಿಕೊಂಡಿದ್ರೆ ನಳಿಗೆ ಹೊಟ್ಟೆ ಊದಿದ ಹಾವಿನ ಹಾಗೆ ಉಬ್ಬಬೇಕಿತ್ತು. ನಾನೇ ನಿನಗೆ ಕಲಿಸಿದ್ದು ಅದನ್ನ, ನಿನಗೆ ಹದಿನಾಲ್ಕಿದ್ದಾಗ. ಮರೀತೀಯ ಅಂದ್ಕೊಂಡೆ. ಇಲ್ಲ... ಮರೀಲಿ ಅಂದ್ಕೊಂಡೆ. ನೋವು, ಮಾತ್ರೆ, ಕಣ್ಣಿನ ಡಾಕ್ಟರು, ಬಿಲ್ಲಿಂಗ್ಸ್ ಪಟ್ಟಣಕ್ಕೆ ಓಡಾಟ... ಇದರ ಮಧ್ಯೆ ಯಾರು ನಳಿಗೆ ನೋಡ್ತಾರೆ ಅಂದ್ಕೊಂಡೆ.

ಏನಾದ್ರೂ ಅನ್ನೇ. ಒಂದು ಮಾತು ಅನ್ನು. ಬೈಯ್ಯಿ!

ಸರಿ, ಮೆಷಿನ್ನೇ! ಮೆಷಿನ್ ಮಾಡಿದ್ದು ಕಣೇ, ಒಪ್ತೀನಿ. ಒಂದು ತೋಟೆಗೆ ಎರಡು ಸಲ ಮದ್ದು ಬಿದ್ದಿದೆ. ತಟ್ಟೆ ತಿರುಗದೆ ನಿಂತಲ್ಲೇ ನಿಂತಿದ್ರೆ ಇನ್ನೇನಾಗುತ್ತೆ? ಕಂಪನಿಯವರದ್ದೇ ತಪ್ಪು. ಅವರ ಮೇಲೆ ಬರೆಯೋಣ. ನಾನು ಕಾಗದ ಶುರು ಮಾಡಿದ್ದೀನಿ ಆಗಲೇ, ಅಲ್ಲಿದೆ ನೋಡು, ಮೂರು ಪುಟ. ವಕೀಲರ ಹತ್ತಿರ ಹೋಗೋಣ. ನಿನ್ನ ಸಹಿ, ನನ್ನ ಸಹಿ. ಮೂರು ಸಲ ತಪ್ಪು ಸಾಮಾನು ಕಳಿಸಿದ್ದಕ್ಕೆ ಕವರ್ ಸಮೇತ ಸಾಕ್ಷಿ ಇಟ್ಟಿದ್ದೀನಿ. ಟೋಪಿ ಕೂಡ ಇದೆ!

ಮೂರು ಪುಟ ಬರೆದವನು ಯಾಕೆ ಕಳಿಸಿಲ್ಲ ಅಂತ ನೋಡ್ತಿದ್ದೀಯಲ್ಲ? ಹಾಗೇ ನೋಡ್ತಿದ್ದೀಯ. ನಿಮ್ಮಪ್ಪನೂ ಹೀಗೇ. ಅವನೂ ಬಾಯಿ ಬಿಡ್ತಿರಲಿಲ್ಲ, ಎದುರಿನವನೇ ಕಕ್ಕಬೇಕು.

ಕಳಿಸೋಕಾಗಲ್ಲ ಕಣೇ.

ಯಾಕಂದ್ರೆ ಕಂಪನಿಯವರು ಫೋನಿನ ಮಾತೆಲ್ಲ ರೆಕಾರ್ಡ್ ಮಾಡ್ತಾರೆ. ಅದು ಶುಕ್ರವಾರ, ಗುರಿ ಪಂದ್ಯದ ಹಿಂದಿನ ದಿನ ಸಂಜೆ. ನಿನಗೆ ಐವತ್ತು ತೋಟೆ ತುಂಬ್ತಾ ಕೂತಿದ್ದೆ, ಇದೇ ಮೇಜಿನ ಮುಂದೆ. ಫೋನ್ ಅಲ್ಲಿ, ಸ್ಪೀಕರಲ್ಲಿ, ಬ್ಯಾಂಜೋ ನಡೀತಾ ಇತ್ತು. ಒಂದು ಕೈಲಿ ಹಿಡಿಕೆ ಎಳೆಯೋದು, ಇನ್ನೊಂದು ಕೈಲಿ ತಟ್ಟೆ ತಳ್ಳೋದು. ಮದ್ದು ಹೆಚ್ಚಾದ್ರೆ ಕಿರುಚೋ ಪೆಟ್ಟಿಗೆ ಒಂದಿದೆಯಲ್ಲ ಇದರಲ್ಲಿ? ಅದು ಹೆಚ್ಚಾದ್ರೂ ಕಿರುಚುತ್ತೆ, ಹೆಚ್ಚಾಗದಿದ್ರೂ ಕಿರುಚುತ್ತೆ. ಕೀ... ಕೀ... ಕೀ. ಅಷ್ಟರಲ್ಲಿ ಆ ಕಡೆ ಫೋನ್ ಎತ್ತಿದ್ರು. ಹೆಂಗಸು, ರೊಚೆಲ್ ಅಂತ. ಈ ಕಿರುಚಾಟದಲ್ಲಿ ಅವಳ ಮಾತು ಕೇಳಿಸ್ತಿಲ್ಲ ಅಂತ ಸಿಟ್ಟು ಬಂತು. ಬ್ಯಾಟರಿ ಕಿತ್ತು ಬಿಸಾಕಿದೆ.

ಹೌದು, ನಾನೇ. ನನ್ನ ಕೈಯಾರೆ.

ಅವಳು ಒಳ್ಳೆಯವಳು ಮಾರಿಟ್. ಅದೇ ಕಷ್ಟ. ಅಷ್ಟು ಜನರಲ್ಲಿ ಅವಳೊಬ್ಬಳೇ ಸರಿಯಾಗಿ ಮಾತಾಡಿದ್ದು, ಅವಳ ಮೇಲೇ ನಾನು ಹಾರಾಡಿದೆ. ಬಾಯಿಗೆ ಬಂದಿದ್ದೆಲ್ಲ ಅಂದೆ. ಅವಳು ತಡ್ಕೊಂಡು ಕೇಳಿದ್ಳು, ‘ಸರ್, ನೀವು ಈಗ ಮೆಷಿನ್ ಮುಂದೆ ಕೂತಿದ್ದೀರಾ? ಕೆಲಸ ನಡೀತಿದ್ಯಾ? ದಯವಿಟ್ಟು ನಿಲ್ಲಿಸಿ, ಮಾತು ಮುಗಿಸೋಣ, ಆಮೇಲೆ ತುಂಬಿ.’ ನಾನು ಏನಂದೆ ಗೊತ್ತಾ? ‘ಅಡುಗೆಮನೇಲಿದ್ದೀನಿ, ಕಾಫಿ ಕುಡೀತಿದ್ದೀನಿ’ ಅಂದೆ. ಕೈ ಹಿಡಿಕೆ ಮೇಲೇ ಇತ್ತು.

ಇಪ್ಪತ್ತು ನಿಮಿಷ ಜಗಳ ಆಡಿ ಫೋನ್ ಇಟ್ಟೆ.  ತಿರುಗಿ ನೋಡ್ತೀನಿ, ಹಿಡಿಕೆ ಮೇಲಿದೆ, ತಟ್ಟೇಲಿ ಕೊಳವೆಗಳು ಕೂತಿವೆ... ತಟ್ಟೆ ತಳ್ಳಿದ್ನಾ? ತಳ್ಳಿಲ್ವಾ? ನೆನಪೇ ಆಗ್ಲಿಲ್ಲ.

ಆಗ ಏನು ಮಾಡ್ಬೇಕು ಅಂತ ಕೂಸಿಗೂ ಗೊತ್ತು. ಅನುಮಾನ ಬಂತಾ, ತಟ್ಟೇಲಿರೋದನ್ನೆಲ್ಲ ತೆಗೆದು ಮದ್ದು ಸುರಿದು ಮೊದಲಿಂದ ಶುರು ಮಾಡು. ಎರಡು ನಿಮಿಷದ ಕೆಲಸ ಮಗಳೇ. ಎರಡೇ ನಿಮಿಷ. ಇಷ್ಟು ವರ್ಷದಿಂದ ಊರಲ್ಲಿ ಹೊಸದಾಗಿ ತುಂಬೋಕೆ ಬಂದವರಿಗೆಲ್ಲ ಇದೇ ಭಾಷಣ ಮಾಡಿದ್ದೀನಿ ನಾನು. ಆದ್ರೆ ಆವತ್ತು ಏನೋ ಹಟ. ‘ಇವನ ಕಂಪನಿ ಹಾಳಾಗ, ಇವನ ಸ್ಪ್ರಿಂಗಿಗೋಸ್ಕರ ನಾನ್ಯಾಕೆ ಮತ್ತೆ ಮಾಡ್ಲಿ’ ಅಂತ... ಯಾರ ಮೇಲೆ ಹಟ ಅದು? ಎಳೆದೆ. ಎಳೆದು ಮುಂದೆ ಹೋದೆ. ಎಲ್ಲ ಮುಗಿದ ಮೇಲಾದ್ರೂ ಡಬ್ಬಿ ಪೂರ್ತಿ ಬಿಚ್ಚಿ ನೋಡ್ಬಹುದಿತ್ತು. ಸುತ್ತಿಗೇಲಿ ಒಂದೊಂದೇ ತಟ್ಟಿ ಗುಂಡು ಕೀಳೋದು, ಎರಡು ಗಂಟೆ ಕೆಲಸ. ಆರು ಗಂಟೆಗೆ ನೀನು ಬಂದೆ.

ನಿನಗೆ ನೆನಪಿದ್ಯಾ ಆಗ ನಾನೇನಂದೆ? ‘ಇನ್ನೊಬ್ಬರು ತುಂಬಿದ ತೋಟೆ ಹಾರಿಸಬಾರದು ಕಣೇ, ನೀನೇ ತುಂಬ್ಕೋಬೇಕು’ ಅಂದೆ. ನಗ್ತಾನೇ ಅಂದೆ. ಇಲ್ಲಿಯವರೆಲ್ಲ ಪಾಲಿಸೋ ಮಾತು ಅದು, ಅಣ್ಣ ತಮ್ಮಂದಿರೂ ಒಬ್ಬರದ್ದು ಒಬ್ಬರು ಹಾರಿಸಲ್ಲ. ನೀನು ಇಲ್ಲ ಅನ್ಲಿ, ಅಂಗಡೀದು ತಗೊಳ್ತೀನಿ ಅನ್ಲಿ, ಅಂತ ಒಳಗೆ ಒಂದು ಆಸೆ. ಬಿಚ್ಚಿ ಹೇಳೋ ಧೈರ್ಯ ಇರ್ಲಿಲ್ಲ. ನೀನು ಡಬ್ಬಿ ಕೈಲಿ ತಗೊಂಡು, ‘ಚಿಕ್ಕಪ್ಪ ಅಂದ್ರೆ ಇನ್ನೊಬ್ಬರಾ?’ ಅಂದೆ.

ಆ ಮಾತಿಗೆ ನನಗೆ ಖುಷಿ ಆಯ್ತು ಕಣೇ. ನಾಚಿಕೆಗೇಡು... ಖುಷಿ ಆಯ್ತು ನನಗೆ! ಡಬ್ಬಿ ಕಿತ್ಕೊಳ್ಳೋದು ಬಿಟ್ಟು, ‘ಗೆದ್ದು ಬಾ’ ಅಂತ ಬೆನ್ನು ತಟ್ಟಿದೆ.

ಇನ್ನೇನು ಬೇಕು? ಹೇಳಿದ್ನಲ್ಲ ಎಲ್ಲ. ಯಾಕೆ ಇನ್ನೂ ನನ್ನೇ ನೋಡ್ತಿದ್ದೀಯ? ಇಷ್ಟೇ ಕಣೇ. ಇನ್ನೇನೂ ಇಲ್ಲ. ದೇವರಾಣೆ...

ಇಲ್ಲ. ಆಣೆ ಬೇಡ.

ಡಬ್ಬಿ. ಡಬ್ಬಿ ಎಲ್ಲಿ ಅಂತ ಕ್ಲಬ್ಬಿನವರು ನಿನ್ನ ಕೇಳಿದ್ರಂತಲ್ಲ? ಉಳಿದ ತೋಟೆ ಪರೀಕ್ಷೆ ಮಾಡ್ಬೇಕು ಅಂತ. ಗಡಿಬಿಡೀಲಿ ಎಲ್ಲೋ ಚೆಲ್ಲಿಹೋಯ್ತೇನೋ ಅಂದ್ಯಂತೆ ನೀನು. ಚೆಲ್ಲಿಹೋಗಿಲ್ಲ ಮಾರಿಟ್. ನೀನು ಮೊಣಕಾಲೂರಿ ಮುಖ ಮುಚ್ಕೊಂಡಿದ್ದೆ, ಬೆರಳ ಸಂದಿಯಿಂದ ರಕ್ತ ಸುರೀತಿತ್ತು, ‘ಚಿಕ್ಕಪ್ಪ, ಚಿಕ್ಕಪ್ಪ’ ಅಂತ ಕೂಗ್ತಿದ್ದೆ. ಎಲ್ಲರೂ ನಿನ್ನನ್ನ ಎತ್ತೋಕೆ ಓಡಿದ್ರು. ನಾನು ಡಬ್ಬಿ ಎತ್ಕೊಂಡೆ. ಕೋಟಿನೊಳಗೆ ಇಟ್ಕೊಂಡೆ. ಆಮೇಲೆ ಬಂದೆ ನಿನ್ನ ಹತ್ತಿರ.

ಮೊದಲು ಡಬ್ಬಿ. ಆಮೇಲೆ ನೀನು.

ಉಳಿದಿದ್ದು ಮೂವತ್ತೊಂದು. ಮನೆಗೆ ಬಂದು ಒಂದೊಂದೇ ಬಿಚ್ಚಿ ತೂಗಿದೆ. ಎಲ್ಲ ಸರಿಯಾಗಿತ್ತು. ಮದ್ದನ್ನ ಹಿತ್ತಲಲ್ಲಿ ಚೆಲ್ಲಿದೆ, ಕೊಳವೆಗಳನ್ನ ಗುಜರಿಗೆ ಹಾಕಿದೆ. ಮಾರನೇ ದಿನ ಆಸ್ಪತ್ರೆಗೆ ಬಂದು, ಎಲ್ಲರ ಎದುರಿಗೆ, ‘ನಳಿಗೆ ನೋಡಿದ್ಯೇನೇ’ ಅಂತ ಕೇಳಿದೆ. ಸುಮ್ನೆ ಕೇಳಿದ್ದಲ್ಲ. ದಾರೀಲಿ ಗಾಡಿ ಓಡಿಸ್ತಾ ಯೋಚನೆ ಮಾಡ್ಕೊಂಡು ಬಂದು ಕೇಳಿದ್ದು. ನೀನು ‘ನೋಡಿದ್ನೋ ಇಲ್ವೋ’ ಅಂತ ತಡವರಿಸಿದೆಯಲ್ಲ, ಅಷ್ಟೇ ಸಾಕಾಯ್ತು ನನಗೆ. ನಿನ್ನ ತಪ್ಪು ಅಂತ ನೀನೇ ಕ್ಲಬ್ಬಿಗೆ ಬರ್ಕೊಟ್ಟೆ. ಹುಡುಗೀರಿಗೆ ಗುರಿ ಕಲಿಸೋ ತರಗತಿ ಬಿಟ್ಟುಕೊಟ್ಟೆ. ‘ನನ್ನ ಕೈಗೆ ಮಕ್ಕಳನ್ನ ಕೊಡಬೇಡಿ’ ಅಂದ್ಯಂತೆ ಅವರಿಗೆ. ಅದನ್ನ ಕೇಳಿ ಬಂದು ಇಲ್ಲಿ ಕೂತು ನಾನು ಕಂಪನಿಗೆ ಕಾಗದ ಬರೀತಿದ್ದೆ.

ನಿನ್ನ ತಪ್ಪು ಒಂದು ಚೂರೂ ಇಲ್ಲ. ಕೇಳಿಸ್ತಾ? ಒಂದು ಚೂರೂ ಇಲ್ಲ ಮಗಳೇ.

ಎಲ್ಲಿಗೆ ಎದ್ದೆ? ಮಾರಿಟ್... ಕೋಟು ಹಾಕ್ಕೋತೀಯಾ? ತಡಿ, ಗಾಡಿ ಕೀ ತರ್ತೀನಿ, ಮನೆಗೆ ಬಿಡ್ತೀನಿ. ಬೇಡ್ವಾ? ಹಿಮ ಕಣೇ ಹೊರಗೆ! ಸರಿ, ನನ್ನ ಗಾಡೀಲಿ ಕೂರಲ್ಲ... ಸರಿ. ನಾನೂ ನಡೀತೀನಿ. ನಿನ್ನ ಜೊತೆ... ಹಿಂದೆ, ಬೇಕಾದ್ರೆ ಹತ್ತು ಹೆಜ್ಜೆ ಹಿಂದೆ ಬರ್ತೀನಿ.

ಆ ಕಡೆ ಯಾಕೆ ತಿರುಗಿದೆ? ಮನೆ ಈ ಕಡೆ ಅಲ್ವಾ... ಓ. ಕ್ಲಬ್ಬಾ? ಈಗಲೇ? ಎಲ್ಲರೂ ಊಟಕ್ಕೆ ಕೂತಿರ್ತಾರೆ, ಐವತ್ತು ಅರವತ್ತು ಜನ... ಪಾದ್ರಿಗಳು, ನನ್ನ ಜೊತೆ ಮಿಲ್ಲಲ್ಲಿ ಇದ್ದವರು, ನಾನು ಕಲಿಸಿದ ಹುಡುಗರು... ಮಂಗಳವಾರ ಸಭೆ ಇದೆ, ಆಗ ಹೇಳಿದ್ರೆ... ಬರೆದು ಕೊಟ್ರೆ...

ಇಲ್ಲ ಇಲ್ಲ, ಬರ್ತೀನಿ. ಬಂದೆ. ನಿಲ್ಲು, ಟೋಪಿ ಹಾಕ್ಕೊಳ್ಳದೇ ಬಂದೆ, ಹೋಗ್ಲಿ. ನಾನೇ ಹೇಳ್ತೀನಿ, ನೀನು ಬಾಯಿ ಬಿಡೋದು ಬೇಡ. ರೊಚೆಲ್‌ಗೆ ಅಂದ ಸುಳ್ಳಿಂದ ಹಿಡಿದು ಕೋಟಿನೊಳಗಿನ ಡಬ್ಬಿವರೆಗೆ ಎಲ್ಲ. ನೋಡ್ಕೊಂಡು ಹೆಜ್ಜೆ ಇಡು, ಅಂಚು ಜಾರುತ್ತೆ. ಮರದ ದಿಮ್ಮಿ ಲಾರಿಗಳು ಬರೋ ಹೊತ್ತು ಇದು, ಭರ್ ಅಂತ ಪಕ್ಕದಲ್ಲೇ ಹೋಗ್ತವೆ. ನಾನು ನಿನ್ನ ಬಲಗಡೆ ಬರ್ತೀನಿ, ಆ ಕಡೆ ನಿನಗೆ ಕಾಣಲ್ವಲ್ಲ. ಲಾರಿ ಬಂದ್ರೆ ನಾನಿರ್ತೀನಿ...

ಯಾಕೆ ನಿಂತೆ? ತೋಳು ಯಾಕೆ ಹಿಡಿದೆ? ಈ ಕಡೆ ಬರ್ಬೇಕಾ? ಎಡಗಡೆ? ಅಲ್ಲ ಕಣೇ, ಆ ಕಡೆ ನಿನಗೆ ಕಾಣುತ್ತಲ್ಲ, ಆ ಕಣ್ಣು ಚೆನ್ನಾಗಿದೆಯಲ್ಲ, ಲಾರಿ ಬರೋದು ಬಲಗಡೆ...

ಓ.

ಗೊತ್ತಾಯ್ತು. ಲಾರಿ ಆದ್ರೂ ಪರವಾಗಿಲ್ಲ. ನಾನು ಮಾತ್ರ ಕಾಣೋ ಕಡೆ ಇರ್ಬೇಕು... ಗೊತ್ತಾಯ್ತಮ್ಮ. ಇಲ್ಲೇ ಇರ್ತೀನಿ. ನಡಿ.